ನಾಲ್ಕು ಗಂಟೆಯ ತೋಪು

ಹಡಗಿನಿಂದ ಇಳಿಯುವಾಗಲೇ ಮಗ ಹೇಳಿಬಿಟ್ಟ, "ಅಮ್ಮ, ಐದಕ್ಕೆ ಹಡಗು ಹೊರಡುತ್ತೆ. ನಾಲ್ಕಕ್ಕೆಲ್ಲ ವಾಪಸ್ ಬಂದುಬಿಡ್ಬೇಕು." ಒಂದು ಇಡೀ ದ್ವೀಪ ನೋಡಲು ಏಳೆಂಟು ಗಂಟೆ! ನಮ್ಮೂರ ಸಂತೆ ಮುಗಿಸಿ ಬರಲು ನನಗೆ ಅರ್ಧ ದಿನ ಬೇಕು.

ಅದು ಮಾಲ್ಟಾ. ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ನಡುವೆ ಜೇನುಬಣ್ಣದ ಕಲ್ಲಿನ ದ್ವೀಪ. ರಾಜಧಾನಿ ವಲೆಟ್ಟಾ ಬಂದರಿನ ನೆತ್ತಿಯ ಮೇಲೆ ಕೋಟೆ ಕಟ್ಟಿಕೊಂಡು ಕೂತಿದೆ. ಆ ಏರು ನೋಡಿಯೇ ನನ್ನ ಮಂಡಿ ನೋಯತೊಡಗಿತ್ತು. ಪುಣ್ಯಕ್ಕೆ ಲಿಫ್ಟ್ ಇತ್ತು. 58 ಮೀಟರ್ ಮೇಲಕ್ಕೊಯ್ದು ಬರಾಕ್ಕಾ ತೋಟದಲ್ಲಿ ಬಿಟ್ಟಿತು. ಅಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೂ ನಾಲ್ಕಕ್ಕೂ ತೋಪು ಹಾರಿಸುತ್ತಾರೆ. ಹನ್ನೆರಡರದ್ದು ಕೇಳಿ ಮೊಮ್ಮಗ ನನ್ನ ಸೆರಗಿನೊಳಗೆ ಸೇರಿಕೊಂಡ.

ಬೀದಿಯುದ್ದಕ್ಕೂ ಹಸಿರು, ಕೆಂಪು ಬಣ್ಣದ ಮರದ ಮುಚ್ಚಿದ ಬಾಲ್ಕನಿಗಳು. ಒಳಗಿನ ಹೆಂಗಸರಿಗೆ ಬೀದಿಯೆಲ್ಲ ಕಾಣಬೇಕು, ಬೀದಿಗೆ ಅವರು ಕಾಣಬಾರದು. ನಮ್ಮ ಅಜ್ಜಿಯ ಮನೆಯ ಕಿಟಕಿ ಸಂದಿಯ ಕೆಲಸವೂ ಅದೇ ಆಗಿತ್ತು! ಈ ದ್ವೀಪದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲವಂತೆ. 1566ರಲ್ಲಿ ಊರು ಕಟ್ಟಿದಾಗಿನಿಂದ ಮನೆಮನೆಯ ತಳದಲ್ಲೂ ಬಂಡೆ ಕೊರೆದು ಮಳೆನೀರಿನ ತೊಟ್ಟಿ ಮಾಡಿಕೊಂಡರು. ನಲ್ಲಿಯ ಮುಂದೆ ಕೊಡ ಸಾಲಿಟ್ಟು ಬೆಳೆದ ನನಗೆ, ಅದರ ಹಿಂದಿನ ವರ್ಷ ತುರ್ಕರು ಹಾಕಿದ ಮುತ್ತಿಗೆಯ ಕಥೆಗಿಂತ ಈ ತೊಟ್ಟಿಯ ಕಥೆಯೇ ರುಚಿಸಿತು.

ಸಂತ ಜಾನ್ ಕೆಥೆಡ್ರಲ್ ಹೊರಗಿನಿಂದ ಬೋಳು, ಒಳಗೆ ಚಿನ್ನವೋ ಚಿನ್ನ. ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರವೊಂದು ಅಲ್ಲಿದೆ. ಅದರಲ್ಲಿ ಸಂತನ ಕತ್ತಿನಿಂದ ಸೋರುವ ರಕ್ತದಲ್ಲೇ ಅವನ ಸಹಿ. ಅದನ್ನು ನೋಡಲೆಂದೇ ಜನ ಬರುತ್ತಾರೆ. ನಾನು ನೋಡಿದ್ದು ನೆಲವನ್ನು. ನೆಲವೆಲ್ಲ ಸಮಾಧಿ! ಸುಮಾರು 400 ವೀರರ ಹೆಸರು, ಲಾಂಛನ, ಎಲುಬಿನ ಹಂದರ, ಎಲ್ಲ ಬಣ್ಣದ ಅಮೃತಶಿಲೆಯಲ್ಲಿ. ಚೂಪು ಹಿಮ್ಮಡಿಯ ಚಪ್ಪಲಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಚಪ್ಪಟೆ ಚಪ್ಪಲಿಯ ನನ್ನ ಕಾಲೂ ಮುಂದೆ ಹೋಗಲಿಲ್ಲ. ಸತ್ತವರ ಹೆಸರು ತುಳಿಯುವುದು ಹೇಗೆ?

"ಬನ್ನಿ ಅತ್ತೆ, ಅಂಚಿನಲ್ಲೇ ಹೋಗೋಣ," ಎಂದು ಸೊಸೆ ಕೈಹಿಡಿದಳು. ಮಗ ಮಾತ್ರ ಒಂದು ಕಲ್ಲಿನ ಮುಂದೆ ನಿಂತೇ ಇದ್ದ.

ಇವರು ಹೋದದ್ದು 2021ರ ಮೇ ತಿಂಗಳಲ್ಲಿ. ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ. ಮಗ ಹೊರದೇಶದಲ್ಲಿ ಸಿಕ್ಕಿಕೊಂಡಿದ್ದ, ಬರಲಾಗಲಿಲ್ಲ. ಆಮೇಲೆ ಬಂದಾಗಲೂ ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಪ್ರವಾಸದ ಟಿಕೆಟ್ ಕಳಿಸಿದಾಗ, ಇದು ಅದಕ್ಕೆ ಪ್ರಾಯಶ್ಚಿತ್ತವೇನೋ ಎಂದು ನನಗೆ ಸಿಟ್ಟೂ ಬಂದಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. "ಅಮ್ಮ, ಅಪ್ಪನ ಅಸ್ಥಿ ಎಲ್ಲಿ ಬಿಟ್ರಿ?" ಎಂದ.

"ಪಶ್ಚಿಮವಾಹಿನಿಲಿ."

"ಯಾರು ಬಂದಿದ್ರು ಜೊತೆಗೆ?"

"ಎದುರು ಮನೆ ಹುಡುಗ. ಸ್ಕೂಟರಲ್ಲಿ ಕರ್ಕೊಂಡು ಹೋದ. ಮಡಕೆ ನನ್ನ ಮಡಿಲಲ್ಲಿತ್ತು."

"ನೀರಿತ್ತಾ?"

"ಮೊಣಕಾಲುದ್ದ."

ಅವನು ಒಂದೊಂದೇ ಕೇಳಿದ, ನಾನು ಒಂದೊಂದೇ ಹೇಳಿದೆ. ನಾಲ್ಕರ ತೋಪು ಹಾರಿದಾಗಲೂ ನಾವು ಅಲ್ಲೇ ಇದ್ದೆವು. ಮೊಮ್ಮಗ ಈ ಸಲ ಹೆದರಲಿಲ್ಲ. "ಅಜ್ಜಿ, ಹಡಗು!" ಎಂದು ಕೂಗಿದ.