ನೆರಳಿನ ಲೆಕ್ಕ

“ಮಗಳು ಏನು ಮಾಡ್ತಿದ್ದಾಳೆ?” ಎಂದು ಯಾರಾದರೂ ಕೇಳಿದರೆ ಮೊನ್ನೆ ಮೊನ್ನೆಯವರೆಗೂ ನನಗೆ ಇರಿಸುಮುರಿಸಾಗುತ್ತಿತ್ತು. ಬ್ಯಾಂಕಿನಲ್ಲಿದ್ದಾಳೆ, ಸಾಫ್ಟ್‌ವೇರಿನಲ್ಲಿದ್ದಾಳೆ ಎಂದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮನೆಯಲ್ಲೇ ಇದ್ದಾಳೆ ಎಂದರೂ ಅವರಿಗೆ ಅರ್ಥವಾಗುತ್ತದೆ. “ರಿಸರ್ಚ್ ಮಾಡ್ತಿದ್ದಾಳೆ” ಎಂದಿರೋ, ಕುಂಕುಮ ತೆಗೆದುಕೊಂಡು ಹೊರಟವರು ಮತ್ತೆ ಕುಳಿತುಬಿಡುತ್ತಾರೆ. “ಇನ್ನೂ ಓದೋದೇನಾ?” ಎಂಬ ಅವರ ಪ್ರಶ್ನೆಗೆ ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಇತಿಹಾಸ ಹೇಳುವ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಆರ್.ಟಿ. ನಗರದ ಮನೆಗೆ ಒಮ್ಮೆ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗನ ತಾಯಿ ಬಹಳ ವಿನಯದಿಂದ, “ಡಾಕ್ಟರ್ ಆಗ್ತಾಳಂತೆ, ಯಾವ ಆಸ್ಪತ್ರೆಲಮ್ಮಾ?” ಎಂದರು. ಪಿಎಚ್.ಡಿ. ಡಾಕ್ಟರ್ ಎಂದು ನಾನು ವಿವರಿಸುವಷ್ಟರಲ್ಲಿ, “ಹಾಗಾದ್ರೆ ಪೇಷೆಂಟ್‌ಗಳನ್ನ ನೋಡಲ್ವಾ?” ಎಂದು ಅವರ ಮುಖ ಸಣ್ಣಗಾಯಿತು. “ಇಲ್ಲ ಆಂಟಿ, ಪೇಷೆಂಟ್‌ಗಳ ನೆರಳು ನೋಡ್ತೀನಿ” ಎಂದಳು ನಮ್ಮ ಮಹರಾಯಿತಿ. ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಈ ಕಡೆ ಸುಳಿಯಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ. ಅವಳ ಸಂಶೋಧನೆಗೆ ಆಗ ಐದು ವರ್ಷ ತುಂಬುತ್ತಿತ್ತು, ಫೆಲೋಶಿಪ್ಪಿನ ಹಣ ನಿಲ್ಲುವುದರಲ್ಲಿತ್ತು. ಬರೆದು ಕಳಿಸಿದ ಲೇಖನ ಎರಡು ಸಲ ವಾಪಸು ಬಂದಿತ್ತು. ಅವಳೊಂದಿಗೆ ಎಂಜಿನಿಯರಿಂಗ್ ಓದಿದವರು ಸ್ವಂತ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಕರೆಯಲು ಬರುತ್ತಿದ್ದರು. ಅಷ್ಟರಲ್ಲಿ ಹೆಬ್ಬಾಳದಾಚೆ ಮಾನ್ಯತಾ ಪಾರ್ಕಿನ ಒಂದು ಕಂಪನಿಯಿಂದ ಅವಳಿಗೆ ಕೆಲಸದ ಪತ್ರ ಬಂತು. ಸಂಬಳ ಅವಳ ಫೆಲೋಶಿಪ್ಪಿನ ಮೂರರಷ್ಟು. ಅವಳು ಪತ್ರವನ್ನು ಟೀವಿಯ ಪಕ್ಕ ಇಟ್ಟು ಏನೂ ಮಾತಾಡಲಿಲ್ಲ. ಬರುವ ಭಾನುವಾರ ಕೂರಿಸಿಕೊಂಡು, “ಸಾಕು ಪುಟ್ಟಿ, ಇದನ್ನ ಬಿಟ್ಟು ಅಲ್ಲಿಗೆ ಸೇರಿಕೋ” ಎಂದು ಹೇಳಿಬಿಡಬೇಕೆಂದು ನಾನು ನಿಶ್ಚಯಿಸಿದ್ದೆ. ಯಲಹಂಕದ ನಮ್ಮ ಸ್ಕೂಲಿನಿಂದ ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತಷ್ಟು ಹೊತ್ತೂ ಆ ಮಾತನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಆ ಭಾನುವಾರ ನಾವು ಕಳೆದದ್ದು ಆಸ್ಪತ್ರೆಯಲ್ಲಿ.

ನಮ್ಮ ಅತ್ತೆಗೆ ಎಂಬತ್ತೆರಡು. ಮೂರು ವಾರದ ಹಿಂದೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಿದ್ದರು. ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟು. ಐಸ್ ಇಟ್ಟೆವು, ಇಳಿಯಿತು, ಮರೆತೆವು. ಆಮೇಲೆ ಅವರು ಸಾರಿಗೆ ಎರಡು ಸಲ ಉಪ್ಪು ಹಾಕಿದರು. ನನ್ನನ್ನು ತೀರಿಹೋದ ತಂಗಿಯ ಹೆಸರು ಹಿಡಿದು ಕರೆದರು. ಹಗಲೆಲ್ಲ ತೂಕಡಿಸುವುದು, ತಲೆನೋವು ಎನ್ನುವುದು. ಇವರು “ವಯಸ್ಸಾಯ್ತಲ್ಲ” ಎಂದರು. ನಾನೂ “ಅರಳು ಮರಳು” ಎಂದು ಅಕ್ಕಪಕ್ಕದವರಿಗೆ ಹೇಳಿದೆ. ದಿನವಿಡೀ ಅವರೊಂದಿಗೆ ಇದ್ದವಳು ನಾನು, ನನಗೆ ಕಂಡದ್ದು ಅಷ್ಟೇ.

ಶನಿವಾರ ರಾತ್ರಿ ಹತ್ತು ಗಂಟೆಗೆ ಬಂದ ಮಗಳು ಬಾಗಿಲಲ್ಲೇ ನಿಂತು ನೋಡಿದಳು. “ಅಮ್ಮಾ, ಅಜ್ಜಿಯ ಎಡಗಾಲಿನ ಚಪ್ಪಲಿ ಮಾತ್ರ ಯಾಕೆ ಕಳಚಿ ಹೋಗ್ತಿದೆ? ಕಾಲು ಎಳೀತಿದ್ದಾರೆ ನೋಡು. ಅವರು ಬಿದ್ದಿದ್ದು ಯಾವತ್ತು?” ನಾನು ಬೆರಳು ಮಡಿಸಿ ಲೆಕ್ಕ ಹಾಕುವಷ್ಟರಲ್ಲಿ ಅವಳು ಆಟೋ ಕರೆದಿದ್ದಳು.

ತಲೆಯ ಸಿ.ಟಿ. ಸ್ಕ್ಯಾನ್ ಆಯಿತು. ಮೇಜಿನ ಮೇಲೆ ಮಲಗಿಸಿದ್ದು, ಉಂಗುರದಂತಿದ್ದ ಯಂತ್ರದೊಳಗೆ ತಲೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಕೆಲವೇ ನಿಮಿಷ. ಡಾಕ್ಟರು ತೋರಿಸಿದರು: ತಲೆಬುರುಡೆಗೂ ಮೆದುಳಿಗೂ ನಡುವೆ, ಬಲಗಡೆ, ಒಡೆದ ಬಳೆಯ ಚೂರಿನಂತೆ ಬಾಗಿದ ಒಂದು ಪಟ್ಟಿ. ಬಿದ್ದಾಗ ಸಣ್ಣ ರಕ್ತನಾಳ ಹರಿದು, ವಾರಗಟ್ಟಲೆ ಹನಿಹನಿಯಾಗಿ ಸೇರಿಕೊಂಡ ರಕ್ತ. ವಯಸ್ಸಾದವರಲ್ಲಿ ಹೀಗಾಗುತ್ತದಂತೆ, ಬಿದ್ದ ದಿನ ಏನೂ ಇರುವುದಿಲ್ಲ, ವಾರಗಳ ಮೇಲೆ ಮರೆವು, ತಲೆನೋವು, ಕಾಲೆಳೆತ ಶುರುವಾಗುತ್ತದೆ. ಮನೆಯಲ್ಲಿ ಹಿರಿಯರಿರುವ ನೀವೆಲ್ಲ ಇದೊಂದನ್ನು ನೆನಪಿಟ್ಟುಕೊಳ್ಳಿ. ಬುರುಡೆಗೆ ಚಿಕ್ಕ ರಂಧ್ರ ಕೊರೆದು ಅದನ್ನು ಹೊರಗೆ ತೆಗೆಯಬೇಕು ಎಂದರು. ಇವರು ನಡುಗುವ ಕೈಯಲ್ಲಿ ಸಹಿ ಹಾಕಿದರು.

ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕುಳಿತು, ಐದು ವರ್ಷದಲ್ಲಿ ಮೊದಲ ಬಾರಿಗೆ ನಾನು ಮಗಳನ್ನು ಕೇಳಿದೆ: “ನೀನು ಮಾಡೋದು ಇದನ್ನೇನಾ?”

“ಇದರ ಲೆಕ್ಕವನ್ನಮ್ಮಾ” ಎಂದು ಅವಳು ಔಷಧಿ ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದಳು. ಒಂದು ಡಬ್ಬಿಯೊಳಗೆ ಎರಡು ನಿಂಬೆಹಣ್ಣು ಇವೆ ಅನ್ನು. ಒಂದು ಕಡೆಯಿಂದ ಕ್ಷ-ಕಿರಣ ಬಿಟ್ಟರೆ ಒಂದರ ಹಿಂದೆ ಒಂದು ಅಡಗಿ ಒಂದೇ ನೆರಳು ಕಾಣುತ್ತೆ. 1895ರಲ್ಲಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯಿನ ಮೂಳೆ, ಉಂಗುರ ತೋರಿಸಿದ್ದು ಅಂಥ ಒಂದು ಕಡೆಯ ನೆರಳು. ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ನೆರಳು ಎರಡಾಗುತ್ತೆ. ಹೀಗೇ ಸುತ್ತಲೂ ತಿರುಗುತ್ತ ಸಾವಿರಾರು ನೆರಳು ಅಳೆದರೆ, ಡಬ್ಬಿ ತೆರೆಯದೆ ಒಳಗೆ ಯಾವುದು ಎಲ್ಲಿದೆ ಅಂತ ಲೆಕ್ಕ ಹಾಕಬಹುದು.

“ಹೇಗೆ?” ಎಂದೆ, ಪಾಠ ಒಪ್ಪಿಸುವ ಹುಡುಗಿಯನ್ನು ಕೇಳುವಂತೆ.

ಒಂದೊಂದು ನೆರಳನ್ನೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕಂತೆ. ಬಿಲ್ಲಿನ ಮೇಲೆ ಅಡ್ಡ, ಉದ್ದ, ಓರೆಯಾಗಿ ಗೀರುಗಳನ್ನು ಎಳೆದಳು. ಎಲ್ಲ ಗೀರುಗಳೂ ಕೂಡಿದಲ್ಲಿ ಮಸಿ ಗಟ್ಟಿಯಾಯಿತು, ಅದೇ ನಿಂಬೆಹಣ್ಣು. ಆದರೆ ಸುತ್ತಲೂ ಗೀರಿನ ಗಲೀಜು. ರಂಗೋಲಿಯ ಮೇಲೆ ಸೆರಗು ಎಳೆದಂತೆ. ಆ ಮಸುಕು ತೆಗೆಯುವ ಗಣಿತ ಮೊದಲೂ ಇತ್ತು. ಆದರೆ ಅಂಕಿಗಳನ್ನೆಲ್ಲ ಇನ್ನೊಂದು ರೂಪಕ್ಕೆ ಪರಿವರ್ತಿಸಿ, ಅಲ್ಲಿ ಲೆಕ್ಕ ಮಾಡಿ, ಮತ್ತೆ ಹಿಂದಕ್ಕೆ ತರಬೇಕಿತ್ತು. ಅಂದಿನ ಕಂಪ್ಯೂಟರುಗಳಿಗೆ ಅದು ಬಹಳ ಹೊತ್ತಿನ ಕೆಲಸ. ಅದಕ್ಕೆ ಒಂದು ಹತ್ತಿರದ ದಾರಿ ಸಿಕ್ಕಿತು. ನೆರಳನ್ನು ಹಿಂದಕ್ಕೆ ಎಳೆಯುವ ಮೊದಲೇ, ಪ್ರತಿ ಅಳತೆಯ ಎರಡೂ ಪಕ್ಕದಲ್ಲಿ ಒಂದು ಗೊತ್ತಾದ ಕೋಷ್ಟಕದ ಪ್ರಕಾರ ಅಷ್ಟಷ್ಟು ಕಳೆದುಬಿಡುವುದು. ಆಗ ಒಂದು ಗೀರಿನ ಗಲೀಜನ್ನು ಇನ್ನೊಂದು ಗೀರಿನ ಕಳೆಯುವಿಕೆ ನುಂಗುತ್ತದೆ. ಬೇಕಾದದ್ದು ಗುಣಾಕಾರ, ಕೂಡುವುದು, ಕಳೆಯುವುದು ಮಾತ್ರ.

“ಅದನ್ನ ಕಂಡುಹಿಡಿದವರು ಯಾರು ಗೊತ್ತಾ ಅಮ್ಮಾ? ನಿನ್ನ ಟಾಟಾ ಇನ್‌ಸ್ಟಿಟ್ಯೂಟಿನವರು.”

ನನ್ನ ಟಾಟಾ ಇನ್‌ಸ್ಟಿಟ್ಯೂಟು! ನಾನು ಹುಟ್ಟಿ ಬೆಳೆದದ್ದು ಯಶವಂತಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಕಡೆ ಎಲ್ಲರೂ ಹಾಗೇ ಕರೆಯುತ್ತಿದ್ದುದು. ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಗಂಧದ ವಾಸನೆ ಒಂದು ಕಡೆ, ಆ ಸಂಸ್ಥೆಯ ಕಾಂಪೌಂಡಿನ ಮರಗಳು ಒಂದು ಕಡೆ. ಒಳಗೆ ದೊಡ್ಡ ದೊಡ್ಡವರು ಏನೋ ಮಾಡುತ್ತಾರೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅಲ್ಲಿ ಜಿ.ಎನ್. ರಾಮಚಂದ್ರನ್ ಎಂಬ ವಿಜ್ಞಾನಿ ಇದ್ದರಂತೆ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು 1942ರಲ್ಲಿ ಸಂಸ್ಥೆಗೆ ಬಂದವರನ್ನು ಸರ್ ಸಿ.ವಿ. ರಾಮನ್ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಸೇರಿಸಿಕೊಂಡರು. ಮುಂದೆ ಮದರಾಸಿಗೆ ಹೋಗಿ, ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಜಡೆಯಂತೆ ಹೆಣೆದಿದೆ ಎಂದು ತೋರಿಸಿ ಹೆಸರಾದರು. 1970ರ ಸುಮಾರಿಗೆ ಬೆಂಗಳೂರಿಗೆ ಮರಳಿದರು. ಅವರೂ ಎ.ವಿ. ಲಕ್ಷ್ಮೀನಾರಾಯಣನ್ ಎಂಬ ಕಿರಿಯ ಸಂಶೋಧಕರೂ ಸೇರಿ ಈ ಲೆಕ್ಕವನ್ನು ಅಮೆರಿಕದ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಐದೇ ಪುಟ. ವರ್ಷ 1971, ಎಂದರೆ ನಾನು ಹುಟ್ಟಿದ ವರ್ಷ. ನಾನು ಯಶವಂತಪುರದ ತೊಟ್ಟಿಲಿನಲ್ಲಿ ಅಳುತ್ತಿದ್ದಾಗ ಕಾಂಪೌಂಡಿನಾಚೆ ಈ ಕೆಲಸ ನಡೆದಿತ್ತು!

ಅದೇ 1971ರ ಅಕ್ಟೋಬರ್ 1ರಂದು, ಇದರ ಗೊಡವೆಯೇ ಇಲ್ಲದೆ, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ತಾವು ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಆ ರೋಗಿ ಒಬ್ಬ ಮಹಿಳೆ. 180 ಕೋನಗಳಿಂದ, ಒಂದೊಂದರಲ್ಲಿ 160ರಂತೆ 28,800 ಅಳತೆಗಳು. ಅವರಿಗೂ, ಇದರ ಗಣಿತವನ್ನು ಮೊದಲೇ ಬರೆದಿದ್ದ ಕಾರ್ಮ್ಯಾಕ್ ಅವರಿಗೂ 1979ರಲ್ಲಿ ನೊಬೆಲ್ ಬಂತು. ಬೆಂಗಳೂರಿನವರ ದಾರಿ ಮುಂದೆ ಬಂದ ಯಂತ್ರಗಳೊಳಗೆ ಸೇರಿಹೋಯಿತು. ಅದನ್ನು ತಿದ್ದಿದರು, ಬೆಳೆಸಿದರು. ದಶಕಗಳ ಕಾಲ ಸ್ಕ್ಯಾನುಗಳು ನಡೆದದ್ದು ಆ ಬಗೆಯ ಲೆಕ್ಕದ ಮೇಲೆಯೇ. ಈಗ ಬೇರೆ ಲೆಕ್ಕಗಳೂ ಬಂದಿವೆ. ಆದರೂ ಪಠ್ಯಪುಸ್ತಕಗಳಲ್ಲಿ ಇಬ್ಬರ ಹೆಸರೂ ಕೂಡಿ ‘ರಾಮ್-ಲ್ಯಾಕ್’ ಎಂದೇ ಇದೆಯಂತೆ. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ನಾನು ಒಂದು ತರಗತಿಯಲ್ಲೂ ಅವರ ಹೆಸರು ಹೇಳಿರಲಿಲ್ಲ.

“ಮತ್ತೆ ನಿನ್ನ ಕೆಲಸ ಏನು?” ಎಂದೆ. ಧ್ವನಿ ನನಗರಿವಿಲ್ಲದೆ ಮೆತ್ತಗಾಗಿತ್ತು.

ಸಾಧಾರಣ ಎದೆಯ ಎಕ್ಸ್-ರೇಗಿಂತ ಸಿ.ಟಿ.ಯಲ್ಲಿ ಮೈಗೆ ತಾಗುವ ಕಿರಣ ಎಷ್ಟೋ ಪಟ್ಟು ಹೆಚ್ಚು. ಬೇಕೆಂದಾಗ ಹಿಂಜರಿಯಬಾರದು, ಬೇಡದೆ ಮಾಡಿಸಬಾರದು. ಮಕ್ಕಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ನೂರು ನೆರಳಿನ ಬದಲು ಇಪ್ಪತ್ತು ನೆರಳಿನಿಂದಲೇ ಒಳ್ಳೆಯ ಚಿತ್ರ ಬಂದರೆ ಅಷ್ಟು ಕಿರಣ ಕಡಿಮೆಯಾಗುತ್ತದೆ. ಅವಳ ಐದು ವರ್ಷ ಹೋಗಿದ್ದು ಅದಕ್ಕೆ. “ಕಡಿಮೆ ನೆರಳಾದ್ರೆ ಇಲ್ಲದ ಗೆರೆಗಳು ಚಿತ್ರದಲ್ಲಿ ಮೂಡ್ತವೆ. ಅವನ್ನ ಅಳಿಸಲು ಹೋದ್ರೆ ಇರೋದೂ ಅಳಿಸಿ ಹೋಗುತ್ತೆ. ಅಜ್ಜಿಯ ತಲೆಯಲ್ಲಿದ್ದ ಆ ಪಟ್ಟಿ ಅಳಿಸಿ ಹೋಗಿದ್ರೆ?” ಎಂದು ಸುಮ್ಮನಾದಳು. ಆಮೇಲೆ, “ಎರಡು ಸಲ ವಾಪಸು ಕಳಿಸಿದವರು ಕೇಳಿದ್ದೂ ಅದನ್ನೇ. ಅವರು ಕೇಳಿದ್ದು ಸರಿ” ಎಂದಳು.

ನಾನು ಆ ಬೆಂಚಿನ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅತ್ತೆಯನ್ನು ವಯಸ್ಸು ಎಂಬ ಒಂದೇ ಕಡೆಯಿಂದ ನೋಡಿದ್ದೆ. ಮಗಳನ್ನು ಮದುವೆ, ಸಂಬಳ ಎಂಬ ಕಡೆಯಿಂದ. ನೆರಳಿನ ಹಿಂದೆ ನೆರಳು ಅಡಗಿದ್ದು ನನಗೆ ಕಾಣಲಿಲ್ಲ.

ಅತ್ತೆ ಒಂದು ವಾರಕ್ಕೆ ಮನೆಗೆ ಬಂದರು. ತಿಂಗಳಲ್ಲಿ ಚಪ್ಪಲಿ ಕಾಲಿನಲ್ಲಿ ನಿಂತಿತು, ನನ್ನ ಹೆಸರೂ ನೆನಪಿಗೆ ಬಂತು. ಅದರ ಜೊತೆಗೆ ನನ್ನ ಹಳೆಯ ತಪ್ಪುಗಳೂ ನೆನಪಿಗೆ ಬಂದವು ಎನ್ನಿ! ಕೆಲಸದ ಪತ್ರಕ್ಕೆ ಉತ್ತರ ಕೊಡುವ ಕೊನೆಯ ದಿನ ಮಗಳೇ ನನ್ನ ಬಳಿ ಬಂದು, “ಏನು ಮಾಡಲಮ್ಮಾ?” ಎಂದಳು. ಅಭ್ಯಾಸ ಮಾಡಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. “ನಿಂಗೆ ಏನನ್ಸುತ್ತೆ?” ಎಂದೆ. “ಮುಗಿಸ್ಬೇಕು ಅನ್ಸುತ್ತೆ. ಆದ್ರೆ ದುಡ್ಡು?” ಎಂದಳು. ಒಂದು ವರ್ಷದ ಮಟ್ಟಿಗೆ ನನ್ನ ಸಂಬಳದಲ್ಲಿ ನಡೆಯುತ್ತದೆ ಎಂದೆ. ಇವರು ಪೇಪರಿನಿಂದ ತಲೆಯೆತ್ತದೆ “ನಡೆಯುತ್ತೆ” ಎಂದರು.

ಎಲ್ಲವೂ ಸುಖಾಂತ ಎಂದುಕೊಳ್ಳಬೇಡಿ. ಮಹಾಪ್ರಬಂಧ ಇನ್ನೂ ಬರೆಯುತ್ತಿದ್ದಾಳೆ. ಲೇಖನ ಮೂರನೆಯ ಸಲ ಹೋಗಿದೆ, ಉತ್ತರ ಬಂದಿಲ್ಲ. ಎಷ್ಟೋ ಜನರ ಎಷ್ಟೋ ಲೆಕ್ಕಗಳು ಯಾವ ಯಂತ್ರದೊಳಗೂ ಸೇರದೆ ಹೋಗುತ್ತವೆ. ನಮ್ಮ ಮಗಳದ್ದೂ ಹಾಗೇ ಆಗಬಹುದು. ರಾತ್ರಿ ನಿದ್ದೆ ಬಾರದಾಗ ಆ ಸಂಬಳದ ಅಂಕಿ ನನಗೆ ಈಗಲೂ ನೆನಪಾಗುತ್ತದೆ.

ಆದರೆ ಮನೆಗೆ ಬಂದವರು ಕೇಳಿದರೆ ನಾನೀಗ ತಡವರಿಸುವುದಿಲ್ಲ. ಅಡುಗೆಮನೆಯಿಂದ ಎರಡು ನಿಂಬೆಹಣ್ಣು ತಂದು ಎದುರಿಗಿಟ್ಟು ಶುರುಮಾಡುತ್ತೇನೆ. ಬಂದವರು ಗಡಿಯಾರ ನೋಡಿಕೊಳ್ಳುತ್ತಾರೆ. ಹುರುಳಿಕಾಯಿ ಬಿಡಿಸುತ್ತ ಕೂತ ಅತ್ತೆ ಮಾತ್ರ ಮೊಮ್ಮಗಳು ಚಪ್ಪಲಿ ಬಿಡುವ ಸದ್ದು ಕೇಳಿದೊಡನೆ ಒಳಗಿನಿಂದಲೇ ಕೂಗುತ್ತಾರೆ: “ಏನೇ, ನಿನ್ನ ನೆರಳು ಎಲ್ಲಿಗೆ ಬಂತು?”