ಸಂಬಳ ಬಿಟ್ಟು ಪಾಠ ಹಿಡಿದವರು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಛಂದಸ್ಸನ್ನು ಕುರಿತೋ ಶಬ್ದಮಣಿದರ್ಪಣದ ಯಾವುದಾದರೊಂದು ಸೂತ್ರವನ್ನು ಕುರಿತೋ ಬರೆಯೋಣವೆಂಬುದು ನನ್ನ ಮೊದಲ ಯೋಚನೆಯಾಗಿತ್ತು. ಅದು ನನಗೆ ನಡೆದು ರೂಢಿಯಾದ ದಾರಿ. ಆದರೆ ಕೆಲವು ವರುಷಗಳಿಂದ ಮನಸ್ಸಿನಲ್ಲಿ ಸುಳಿಯುತ್ತಿರುವ ಬೇರೊಂದು ವಿಷಯವಿದೆ. ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮೂವರೂ ಕೂಡಿ ಓದುವ ಈ ಸಂಚಿಕೆಗಿಂತ ಅದನ್ನು ಹೇಳಲು ತಕ್ಕ ಸ್ಥಳ ಬೇರೆಯಿಲ್ಲ. ಕೈತುಂಬ ಸಂಬಳ ಬರುವ ಕೆಲಸವನ್ನು ಬಿಟ್ಟು, ಮಕ್ಕಳಿಗೆ ಪಾಠ ಹೇಳಲು ನಿಂತವನನ್ನು ನಾವು ಹೇಗೆ ಕಾಣಬೇಕು ಎಂಬುದೇ ಆ ವಿಷಯ.

ಲೋಕರೂಢಿಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಬಂಧುಗಳು ಅವನನ್ನು ಹುಚ್ಚನೆನ್ನುತ್ತಾರೆ, ಸಭಿಕರು ತ್ಯಾಗಿಯೆನ್ನುತ್ತಾರೆ. ನಮ್ಮ ಹಾವೇರಿಯು ಏಲಕ್ಕಿ ಹಾರಕ್ಕೆ ಹೆಸರಾದ ಊರು. ಹಾರ ಹಾಕುವುದರಲ್ಲಿ ನಾವೆಂದೂ ಹಿಂದೆ ಬಿದ್ದವರಲ್ಲ. ಆದರೆ ಬೈದವರೂ ಹಾರ ಹಾಕಿದವರೂ ಮನೆಗೆ ತೆರಳಿದ ಮೇಲೆ ಅವನೊಬ್ಬನೇ ಉಳಿಯುತ್ತಾನೆ. ಮರುದಿನ ಬೆಳಿಗ್ಗೆ ಕೋಣೆಯ ಬಾಡಿಗೆ ಕೊಡಬೇಕಾದವನೂ ಅವನೇ.

2018ರ ಮಳೆಗಾಲದಲ್ಲಿ ಬ್ಯಾಡಗಿಯ ಹಿರಿಯರೊಬ್ಬರು ನಮ್ಮ ಮನೆಗೆ ಬಂದರು. ಅಲ್ಲಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಆಯುಷ್ಯವಿಡೀ ಲೆಕ್ಕ ಬರೆದವರು. ಅವರ ಮಗ ನನ್ನ ಶಿಷ್ಯ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನ ಕನ್ನಡ ಪಾಠ ಕೇಳಿದವನು. ಮುಂದೆ ಇಂಜಿನಿಯರನಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೊಂದು ವರುಷ ದುಡಿದಿದ್ದನು. ತಂದೆ ವರುಷವಿಡೀ ಗಳಿಸುತ್ತಿದ್ದುದು ಮಗನಿಗೆ ಒಂದು ತಿಂಗಳಲ್ಲಿ ಬರುತ್ತಿತ್ತು. ಅಂಥ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹಳ್ಳಿಯ ಹುಡುಗ ಹುಡುಗಿಯರನ್ನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧಗೊಳಿಸುವ ತರಬೇತಿ ವರ್ಗವೊಂದನ್ನು ರಾಣೆಬೆನ್ನೂರಿನಲ್ಲಿ ತೆರೆದಿದ್ದನು.

“ಗುರುಗಳ, ಮೂವತ್ತೆಂಟು ವರ್ಷ ಮಂದಿ ಲೆಕ್ಕ ಬರದೇನ್ರಿ. ನನ್ನ ಮಗನ ಈ ಲೆಕ್ಕ ಮಾತ್ರ ನನಗ ತಿಳೀವಲ್ದು. ನಿಮ್ಮ ಮಾತು ಅಂವ ಮೀರೂದಿಲ್ಲ. ನೀವಾದ್ರೂ ಒಂದಿಷ್ಟು ಹೇಳ್ರಿ,” ಎಂದರು ಆ ಹಿರಿಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಮನೆ ಕಟ್ಟಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಮೊಮ್ಮಗಳು ಆಗತಾನೆ ಶಾಲೆಗೆ ಸೇರಿದ್ದಳು. ನಾನು ಹೋಗಿ ನೋಡಿ ಬರುತ್ತೇನೆಂದಷ್ಟೇ ಹೇಳಿ ಅವರನ್ನು ಕಳುಹಿಸಿದೆನು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ಒಂದೇ ರೇಲ್ವೆ ಹಳಿಯ ಮೇಲಿನ ಊರುಗಳು. ಮುಂದಿನ ರವಿವಾರ ಆ ಗಾಡಿಯಲ್ಲಿ ಕುಳಿತಾಗ ನನ್ನ ನೆನಪಿಗೆ ಬಂದವರು ನಮ್ಮ ಹಾವೇರಿಯವರೇ ಆದ ಪ್ರೊ. ಶಿ. ಶಿ. ಬಸವನಾಳರು. 1893ರಲ್ಲಿ ಇಲ್ಲಿ ಜನಿಸಿದ ಅವರು ಎಂ.ಎ. ಪದವೀಧರರಾದ ಕಾಲದಲ್ಲಿ ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಂಥ ಪದವೀಧರರು ಬಹಳ ವಿರಳ. ಮನಸ್ಸು ಮಾಡಿದ್ದರೆ ಸರಕಾರದ ದೊಡ್ಡ ಸಂಬಳದ ಹುದ್ದೆ ಅವರಿಗೆ ದೂರದ ಮಾತಾಗಿರಲಿಲ್ಲ. ಆದರೆ 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿ ಹುಟ್ಟಿದಾಗ, ಅಲ್ಪ ವೇತನದಲ್ಲಿ ಪಾಠ ಹೇಳಲು ಜೀವನವನ್ನೇ ಒಪ್ಪಿಸಿದ ಏಳು ಜನರಲ್ಲಿ ಅವರೂ ಒಬ್ಬರಾದರು. ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಎಚ್. ಎಫ್. ಕಟ್ಟೀಮನಿ, ಬಿ. ಎಸ್. ಹಂಚಿನಾಳ ಮೊದಲಾದವರು ಅವರ ಸಂಗಡಿಗರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಬಸವನಾಳರು ಮುಂದೆ ವಚನಗಳನ್ನು ಸಂಪಾದಿಸಿದರು, ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. 1944ರ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇವೆಲ್ಲಕ್ಕೂ ಮೊದಲು ಅವರು ಶಾಲೆಯ ಮಾಸ್ತರರು.

ಈ ಬಗೆಯ ಆಜೀವ ಸೇವೆಗೆ ಮೇಲ್ಪಂಕ್ತಿಯಾದದ್ದು 1884ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಶನ್ ಸೊಸಾಯಿಟಿ. ಗೋಪಾಳಕೃಷ್ಣ ಗೋಖಲೆಯವರಂಥ ಮೇಧಾವಿ ಅಲ್ಲಿ ತಿಂಗಳಿಗೆ 75 ರೂಪಾಯಿಗಳಿಗೆ ದುಡಿದರು. ಅದರ ಸ್ಥಾಪಕರಲ್ಲೊಬ್ಬರಾದ ಗೋಪಾಳ ಗಣೇಶ ಆಗರಕರರು ಬಡತನದಲ್ಲಿ ಓದಿ ಎಂ.ಎ. ಮುಗಿಸುವ ಹೊತ್ತಿಗೆ ತಾಯಿಗೆ ಬರೆದ ಪತ್ರ ಪ್ರಸಿದ್ಧವಾದುದು. ಮಗ ದೊಡ್ಡ ಪರೀಕ್ಷೆ ಮಾಡಿದನು, ಇನ್ನು ದೊಡ್ಡ ಸಂಬಳ ತಂದಾನು ಎಂಬ ಆಸೆಯನ್ನು ಇಟ್ಟುಕೊಳ್ಳಬೇಡವೆಂಬುದು ಅದರ ಸಾರ. ಆಗರಕರರ ತಾಯಿ ಆ ಪತ್ರವನ್ನು ಯಾರಿಂದ ಓದಿಸಿ ಕೇಳಿರಬಹುದು, ಕೇಳಿ ಏನೆಂದಿರಬಹುದು ಎಂಬ ಪ್ರಶ್ನೆ ಅಂದು ಗಾಡಿಯಲ್ಲಿ ನನ್ನನ್ನು ಬಿಡಲಿಲ್ಲ. ತ್ಯಾಗವನ್ನು ಮಾಡುವವನು ಒಬ್ಬನಾದರೂ ಅದರ ಭಾರವನ್ನು ಹೊರುವವರು ಮನೆಮಂದಿಯೆಲ್ಲರೂ ಅಲ್ಲವೇ?

ಅದೇ ಗುಂಗಿನಲ್ಲಿ ಇನ್ನೊಂದು ಸಂಗತಿಯೂ ಹೊಳೆಯಿತು. ಬೆಳಗಾವಿಯ ಏಳು ಜನ ಶಿಕ್ಷಕರು ಬರಿಗೈಯಲ್ಲಿ ನಿಂತವರಲ್ಲ. ಅವರ ಹಿಂದೆ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಇದ್ದರು. ಸಂಸ್ಥೆಯ ಮೊದಲ ಶಾಲೆಗೆ ಅವರಿಬ್ಬರ ಹೆಸರೇ ನಿಂತಿತು. ವಂಟಮುರಿಯ ರಾಜಾ ಲಖಮಗೌಡರು ಇದ್ದರು. ಅವರೆಲ್ಲರಿಗಿಂತ ಹಿಂದೆ, 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು ಹೋಗಿದ್ದರು. ಋಷಿಗಳು ಏಳು ಜನರೆಂದು ನಾವು ಎಣಿಸುತ್ತೇವೆ. ಅವರ ಆಶ್ರಮಕ್ಕೆ ಅಕ್ಕಿಯನ್ನು ಕಳುಹಿಸಿದವರನ್ನು ಎಣಿಸುವುದನ್ನು ಮರೆಯುತ್ತೇವೆ.

ರಾಣೆಬೆನ್ನೂರು ಬೀಜೋತ್ಪಾದನೆಗೂ ಬೀಜದ ವ್ಯಾಪಾರಕ್ಕೂ ಹೆಸರಾದ ಪೇಟೆ. ನನ್ನ ಶಿಷ್ಯನ ವರ್ಗವಿದ್ದುದು ಅಂಥದೊಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹನ್ನೊಂದು ಜನ ವಿದ್ಯಾರ್ಥಿಗಳು ಚಾಪೆಯ ಮೇಲೆ ಕುಳಿತಿದ್ದರು. ಅವರಲ್ಲಿ ಇಬ್ಬರು ಹುಡುಗಿಯರು ವಾರದ ದಿನಗಳಲ್ಲಿ ಬೀಜದ ಹತ್ತಿಯ ಹೊಲಕ್ಕೆ ಹೋಗಿ, ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೂಲಿಯನ್ನು ಮಾಡಿ ಬಳಿಕ ಓದುವವರು. ಅವನು ಅಂದು ಶೇಕಡಾ ಲೆಕ್ಕವನ್ನು ಹೇಳಿಕೊಡುತ್ತಿದ್ದನು. ಉದಾಹರಣೆಗೆ ಆರಿಸಿಕೊಂಡದ್ದು ಮೆಣಸಿನಕಾಯಿಯ ಚೀಲ, ದಲಾಲಿ, ಹಮಾಲಿ. ಹುಡುಗರ ಮುಖದಲ್ಲಿ ಭಯವಿರಲಿಲ್ಲ. ಗಣಿತದ ವರ್ಗದಲ್ಲಿ ಅದು ಸಾಮಾನ್ಯವಾಗಿ ಕಾಣುವ ದೃಶ್ಯವಲ್ಲ.

ಪಾಠ ಮುಗಿದ ಮೇಲೆ, ಬೆಂಗಳೂರನ್ನು ಬಿಟ್ಟದ್ದೇಕೆಂದು ಕೇಳಿದೆನು. ಅವರ ಓಣಿಯಲ್ಲಿ ಒಬ್ಬ ಹುಡುಗಿ ಒಳ್ಳೆಯ ಗುಣಗಳಿಂದ ಪದವಿಯನ್ನು ಮುಗಿಸಿದ್ದಳಂತೆ. ಪರೀಕ್ಷೆಯ ತರಬೇತಿ ಬೇಕೆಂದರೆ ಧಾರವಾಡದ ಸಪ್ತಾಪುರಕ್ಕೆ ಹೋಗಿ ಕೋಣೆ ಹಿಡಿದು ಇರಬೇಕು. ಶುಲ್ಕ, ಬಾಡಿಗೆ, ಊಟ ಎಲ್ಲ ಸೇರಿ ಅವಳ ತಂದೆಗೆ ನೀಗಲಿಲ್ಲ. ಮದುವೆ ಮಾಡಿ ಕಳುಹಿಸಿಬಿಟ್ಟರು. ಸಂಜೆಯ ಬಸ್ಸಿಗೋ ಗಾಡಿಗೋ ಮನೆ ಸೇರುವಷ್ಟು ದೂರದಲ್ಲಿ ಒಂದು ವರ್ಗವಿದ್ದಿದ್ದರೆ ಅವಳ ಬದುಕು ಬೇರೆಯಾಗುತ್ತಿತ್ತು ಎಂಬುದು ಅವನ ತರ್ಕ. ಅದನ್ನು ಅಲ್ಲಗಳೆಯುವ ಮಾತು ನನ್ನಲ್ಲಿರಲಿಲ್ಲ.

ಆದರೆ ಅವನ ಲೆಕ್ಕದ ವಹಿಯನ್ನು ತೆಗೆಸಿ ನೋಡಿದೆನು. ಕೋಣೆಯ ಬಾಡಿಗೆ, ವಿದ್ಯುತ್ತು, ಪುಸ್ತಕ, ಸುಣ್ಣದ ಕಡ್ಡಿ ಎಲ್ಲವೂ ಅದರಲ್ಲಿ ಇದ್ದವು. ಖರ್ಚಿನ ಬದಿ ತುಂಬಿತ್ತು. ಜಮೆಯ ಬದಿಯಲ್ಲಿ ಅವನ ಉಳಿತಾಯದ ಹಣವೊಂದೇ. ಯಾರಿಂದಲೂ ಶುಲ್ಕವನ್ನು ತೆಗೆದುಕೊಂಡಿರಲಿಲ್ಲ. “ನಿನ್ನ ಊಟದ ಬಾಬು ಎಲ್ಲಿ ಬರದೀಯಪ್ಪ?” ಎಂದು ಕೇಳಿದೆನು. ಅವನು ನಕ್ಕು, “ಗುರುಗಳ, ನಿಮ್ಮ ಗುರುಗಳು ನಿಮ್ಮ ಕಡೆ ರೊಕ್ಕ ತಗೊಂಡು ಕಲಿಸಿದ್ರೇನ್ರಿ?” ಎಂದನು.

ಪ್ರಶ್ನೆ ಸಹಜವಾದುದೇ. ನಾನು ಮಠದ ಪಾಠಶಾಲೆಯಲ್ಲಿ ಓದಿದವನು. ಬೆಳಗಿನ ಜಾವದಲ್ಲಿ ಅಮರಕೋಶ, ಮಧ್ಯಾಹ್ನ ಕೇಶಿರಾಜನ ವ್ಯಾಕರಣ, ರಾತ್ರಿ ಕಾವ್ಯ. ನನ್ನ ಗುರುಗಳು ಒಂದು ಬಿಡಿಗಾಸನ್ನೂ ಕೇಳಲಿಲ್ಲ. ಆದರೆ ಅವರ ಪಾಠ ಪುಕ್ಕಟೆಯದಾಗಿರಲಿಲ್ಲವೆಂಬುದನ್ನು ನಾನು ಬಲ್ಲೆ. ಸುಗ್ಗಿಯ ಕಾಲಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ಚೀಲಗಳು ಮಠದ ಅಂಗಳದಲ್ಲಿ ಇಳಿಯುತ್ತಿದ್ದವು. ಆ ಚೀಲಗಳನ್ನು ಇಳಿಸಿಕೊಂಡವರಲ್ಲಿ ನಾನೂ ಒಬ್ಬನು. ಗುರುಗಳಿಗೂ ನಮಗೂ ಅದೇ ಜೋಳದ ರೊಟ್ಟಿ. ಕೊಟ್ಟವರಲ್ಲಿ ಹೆಚ್ಚಿನವರು ಅಕ್ಷರ ಬಾರದವರು. ತಾವು ಒಂದು ವಿದ್ಯಾಪೀಠವನ್ನೇ ನಡೆಸುತ್ತಿದ್ದೇವೆಂಬುದು ಅವರಿಗೆ ತಿಳಿದಿರಲಿಲ್ಲ.

ಇದೇ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಪೂಜ್ಯ ಹಾನಗಲ್ಲ ಕುಮಾರಸ್ವಾಮಿಗಳ ಉದಾಹರಣೆಯನ್ನು ಅವನ ಮುಂದಿಟ್ಟೆನು. ಅವರು ಗದುಗಯ್ಯನೆಂಬ ಅಂಧ ಬಾಲಕನನ್ನು ಗಾಯನಕ್ಕೆ ಹಚ್ಚಿದರು; ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರಿಗೆ ತಿರುಗುತ್ತ ಸಂಗೀತ ಕಲಿಸಿದರು. ಶಿಷ್ಯರ ಹೊಟ್ಟೆಯ ಚಿಂತೆಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಟಿಕೀಟು ಮಾರಿದ್ದರಿಂದ ಅವರ ಗುರುತ್ವಕ್ಕೆ ಕುಂದು ಬರಲಿಲ್ಲ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ರೂಪುಗೊಂಡದ್ದು ಅದೇ ಆಶ್ರಯದಲ್ಲಿ. “ಕಲಿಸುವವನು ಉಪವಾಸ ಬಿದ್ದರೆ ಕಲಿಯುವವರು ಮತ್ತೆ ಧಾರವಾಡದ ದಾರಿಯನ್ನೇ ನೋಡಬೇಕಾಗುತ್ತದೆ. ಕೊಡಬಲ್ಲವರಿಂದ ತೆಗೆದುಕೋ, ಕೊಡಲಾರದವರಿಗೆ ದಾನಿಗಳನ್ನು ಹುಡುಕು. ನಿನ್ನ ಊಟದ ಬಾಬನ್ನು ಮೊದಲ ಸಾಲಿನಲ್ಲಿ ಬರೆ,” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಆಗಲಿ ಎಂದನು.

ಮರಳಿ ಬಂದು ತಂದೆಗೆ ತಿಳಿಸಿದೆನು: “ಮಗನನ್ನು ಬೆಂಗಳೂರಿಗೆ ಕಳಿಸುವ ಮಾತನ್ನು ನಾನು ಹೇಳಲಾರೆ. ಅವನ ಲೆಕ್ಕ ಕೂಡುತ್ತಿಲ್ಲವೆಂಬುದು ನಿಜ. ಅದನ್ನು ಕೂಡಿಸುವ ವಿದ್ಯೆ ನಿಮ್ಮಲ್ಲಿದೆ.” ಅವರು ಆಗ ಏನೂ ಹೇಳಲಿಲ್ಲ. ಎರಡು ತಿಂಗಳ ಬಳಿಕ ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಹೋಗಿ ವರ್ಗದ ಕಿರ್ದಿಯನ್ನು ತಾವೇ ಬರೆಯತೊಡಗಿದರು. ಯಾರು ಪೂರ್ಣ ಶುಲ್ಕ ಕೊಡಬಲ್ಲರು, ಯಾರು ಅರ್ಧ, ಯಾರು ಏನೂ ಕೊಡಲಾರರು ಎಂಬುದನ್ನು ತಂದೆತಾಯಿಗಳ ಮುಖ ನೋಡಿ ಅಳೆಯುವ ಕಣ್ಣು ಅವರದು. ಕಾಯಿಯ ಬಣ್ಣ ನೋಡಿ ಬೆಲೆ ಕಟ್ಟುವ ಪೇಟೆಯಲ್ಲಿ ಪಳಗಿದ ಕಣ್ಣು ಅದು.

2020ರ ಮಾರ್ಚ ತಿಂಗಳಲ್ಲಿ ಕೊರೋನಾ ಕಾರಣದಿಂದ ದೇಶವೇ ಮುಚ್ಚಿದಾಗ ಈ ಮಹಡಿಗೂ ಬೀಗ ಬಿತ್ತು. ಶುಲ್ಕ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಉಳಿತಾಯ ಕರಗಿತು. ಬೆಂಗಳೂರಿನ ಕೆಲಸಕ್ಕೆ ಮರಳಲು ಅವನು ಅರ್ಜಿಯನ್ನೂ ಬರೆದಿದ್ದನು. ಆ ಹೊತ್ತಿನಲ್ಲಿ ನಮ್ಮ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳು, ಒಬ್ಬರು ಬೀಜದ ವ್ಯಾಪಾರಿ, ಇನ್ನೊಬ್ಬರು ಅಡತಿ ಅಂಗಡಿಯವರು, ಬಾಡಿಗೆಯನ್ನು ತಾವು ವಹಿಸಿಕೊಂಡರು. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ಇಲ್ಲಿಯೂ ಬರೆದಿಲ್ಲ. ಆ ಅರ್ಜಿ ಟಪಾಲು ಮುಟ್ಟಲಿಲ್ಲ.

ವರ್ಗ ಇಂದೂ ನಡೆದಿದೆ. ಹತ್ತಿಯ ಹೊಲದಿಂದ ಬರುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ. ಇನ್ನೊಬ್ಬಳಿಗೆ ಮೂರು ಸಲ ಕುಳಿತರೂ ಪರೀಕ್ಷೆ ದಕ್ಕಲಿಲ್ಲ. ಎಲ್ಲರೂ ಪಾಸಾದರೆಂದು ಬರೆದರೆ ಓದುಗರು ನಂಬಲಾರರು, ನಂಬಲೂಬಾರದು. ಕಡಮೆ ಹುದ್ದೆಗಳಿಗೆ ಬಹಳ ಜನ ಕೂಡುವ ಪರೀಕ್ಷೆಗಳು ಅವು. ದಾಟಿದವರಿಗಿಂತ ದಾಟದವರೇ ಹೆಚ್ಚು. ಈ ಮಾತನ್ನೆತ್ತಿದಾಗ ಶಿಷ್ಯನು, “ಪಾಸಾದಾಂವ ನೌಕರಿಗೆ ಹೋಗತಾನ್ರಿ. ನಪಾಸಾದಾಂವ ನನ್ನ ಮುಂದ ಕುಂತಿರತಾನ. ನನಗ ಚಿಂತಿ ಅವನದು,” ಎಂದನು. ಅಂಥವರಿಗಾಗಿ ಲೆಕ್ಕಪತ್ರ ಬರೆಯುವುದನ್ನೂ ಇಂಗ್ಲಿಷಿನಲ್ಲಿ ಪತ್ರ ವ್ಯವಹಾರವನ್ನೂ ಕಲಿಸುವ ಬೇರೊಂದು ಪಾಠವನ್ನು ಅವನು ಆರಂಭಿಸಿದ್ದಾನೆ. ಪರೀಕ್ಷೆ ದಕ್ಕದ ಆ ಹುಡುಗಿ ಅಲ್ಲಿ ಕಲಿತು ಈಗ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾಳೆ. ಗೆದ್ದವರ ಭಾವಚಿತ್ರಗಳನ್ನು ಗೋಡೆಗೆ ಅಂಟಿಸುವ ತರಬೇತಿ ಕೇಂದ್ರಕ್ಕೂ ಶಾಲೆಗೂ ಇರುವ ಭೇದವನ್ನು ನಾನು ಅಲ್ಲಿ ಕಂಡೆನು.

ಕಾಯಕ, ದಾಸೋಹ ಎಂಬೆರಡು ಮಾತುಗಳನ್ನು ನಾವು ಜೊತೆಯಾಗಿಯೇ ಉಚ್ಚರಿಸುತ್ತೇವೆ. ಪಾಠ ಹೇಳುವವನ ಕಾಯಕ ನಿಲ್ಲಬೇಕಾದರೆ ಉಳ್ಳವರ ದಾಸೋಹ ಅದರ ಕೆಳಗೆ ಇರಬೇಕು. ಬಸವನಾಳರಂಥವರು ತಮ್ಮ ಸಂಬಳವನ್ನು ಬಿಟ್ಟುಕೊಟ್ಟರು. ಲಿಂಗರಾಜರಂಥವರು ತಮ್ಮ ಸಂಪತ್ತನ್ನು ಬಿಟ್ಟುಕೊಟ್ಟರು. ಎರಡೂ ಕೂಡಿದ್ದರಿಂದ ಬೆಳಗಾವಿಯ ಆ ಒಂದು ಶಾಲೆ ನೂರು ವರುಷಗಳನ್ನು ದಾಟಿ ನಿಂತಿದೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ದೂರದ ಊರಿನ ಕಚೇರಿಯಲ್ಲಿ ಕುಳಿತು ಇಂಥದೇ ಯೋಚನೆಯನ್ನು ಮಾಡುತ್ತಿರಬಹುದು. ಅವರಿಗೆ ನನ್ನ ವಿನಂತಿ: ಮನೆಯವರಿಗೆ ಮೊದಲು ಲೆಕ್ಕ ಒಪ್ಪಿಸಿರಿ, ಬಳಿಕ ಬನ್ನಿರಿ. ಮಹನೀಯರಾದ ದಾನಿಗಳಿಗೆ ನನ್ನ ವಿನಂತಿ: ಅಂಥವನೊಬ್ಬನು ನಿಮ್ಮ ಊರಿಗೆ ಬಂದಾಗ ಹಾರಕ್ಕಿಂತ ಮೊದಲು ಅವನ ಕೋಣೆಯ ಬಾಡಿಗೆಯನ್ನು ವಿಚಾರಿಸಿರಿ. ಹಾಗೆ ಬರುವವರೂ ಹಾಗೆ ವಿಚಾರಿಸುವವರೂ ನಮ್ಮ ಜಿಲ್ಲೆಯಲ್ಲಿ ಹೆಚ್ಚಲಿ ಎಂದು ಹಾರೈಸಿ ವಿರಮಿಸುತ್ತೇನೆ.