ವರದಿ ನೋಡಿ ಮಗುವಿನ ತಾಟು ಬರಿದು ಮಾಡಬೇಡಿರಿ

ಅಕ್ಕಲಕೋಟೆಯಲ್ಲಿ ನಮ್ಮದು ಮೂರು ತಲೆಮಾರಿನಿಂದ ಶೇಂಗಾ, ಬೇಳೆಕಾಳುಗಳ ವ್ಯಾಪಾರ. ಅಂಥ ಮನೆಯ ಮೊಮ್ಮಗನಿಗೇ ಶೇಂಗಾ ಕೂಡದೆಂದು ವರದಿ ಬಂದಾಗ ನಾವೆಲ್ಲ ದಿಕ್ಕು ತಪ್ಪಿದೆವು.

2023ರಲ್ಲಿ ಬಳಗದ ಮದುವೆಯೊಂದರಲ್ಲಿ ಗೋಡಂಬಿ ಬರ್ಫಿ ತಿಂದ ಸ್ವಲ್ಪ ಹೊತ್ತಿಗೆ, ನಾಲ್ಕು ವರ್ಷದ ಆ ಕೂಸಿನ ಮೈತುಂಬ ಪಿತ್ತಗಂಧೆ ಎದ್ದು ತುಟಿ ಬಾತವು. ಔಷಧದಿಂದ ಇಳಿಯಿತು. ಆದರೂ ನಮಗೆ ಸಮಾಧಾನವಿಲ್ಲ. ವೈದ್ಯರನ್ನು ಕೇಳದೆ ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ, ಹತ್ತಾರು ಪದಾರ್ಥಗಳ ರಕ್ತಪರೀಕ್ಷೆಯನ್ನು ಒಮ್ಮೆಲೇ ಮಾಡಿಸಿದೆವು. ಗೋಡಂಬಿಯ ಜೊತೆಗೆ ಹಾಲು, ಗೋದಿ, ಶೇಂಗಾ, ಕಡಲೆಗಳ ಮುಂದೆಯೂ ಗುರುತು ಬಿದ್ದಿತ್ತು. ಅಂದೇ ಎಲ್ಲವನ್ನೂ ಬಿಡಿಸಿದೆವು. ತತ್ತಿ, ಮಾಂಸ ಮುಟ್ಟದ ನಮ್ಮ ಮನೆಗಳಲ್ಲಿ ಇವೂ ಹೋದರೆ ಮಗುವಿಗೆ ಉಳಿಯುವುದೇನು? ಐದು ತಿಂಗಳಲ್ಲಿ ತೂಕ ಏರುವ ಬದಲು ಇಳಿಯಿತು. ಹಾಲು ಬೇಕೆಂದು ಅಜ್ಜಿಯ ಸೆರಗು ಹಿಡಿದು ಅಳುತ್ತಿತ್ತು.

ಕೊನೆಗೆ ಸೊಲ್ಲಾಪುರದ ಮಕ್ಕಳ ವೈದ್ಯರು ವರದಿಯನ್ನು ಬದಿಗಿಟ್ಟು ಒಂದೇ ಮಾತು ಕೇಳಿದರು: "ಇವನ್ನು ತಿಂದಾಗ ಮಗುವಿಗೆ ಏನಾಗಿತ್ತು?" ಗೋಡಂಬಿಯ ಹೊರತು ಯಾವುದರಿಂದಲೂ ಏನೂ ಆಗಿರಲಿಲ್ಲ. ವರದಿ ಬರುವ ಹಿಂದಿನ ದಿನದವರೆಗೂ ಕೂಸು ಹಾಲು ಕುಡಿದು, ಶೇಂಗಾ ಹಿಂಡಿ ಉಂಡು ಬೆಳೆದಿತ್ತು.

ಅವರು ತಿಳಿಸಿ ಹೇಳಿದರು. ಆ ಪದಾರ್ಥದ ವಿರುದ್ಧ ಐಜಿಇ ಎಂಬ ಅಂಶ ರಕ್ತದಲ್ಲಿದೆಯೇ ಎಂದಷ್ಟೇ ಈ ಪರೀಕ್ಷೆ ಹೇಳುತ್ತದೆ. ಯಾವ ತೊಂದರೆಯೂ ಇಲ್ಲದ ಅನೇಕ ಮಕ್ಕಳಲ್ಲೂ ಅದು ಕಾಣುತ್ತದೆ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೂ ಇದೇ ಮಾತು. ತಿಂದಾಗ ಆದ ತೊಂದರೆಗೂ ವರದಿಗೂ ತಾಳೆ ಬಿದ್ದರೆ ಅದಕ್ಕೆ ಬೆಲೆ. ಐಜಿಜಿ ಎಂಬ ಇನ್ನೊಂದು ಪರೀಕ್ಷೆಯಂತೂ ಅಲರ್ಜಿ ತಿಳಿಯಲು ಉಪಯೋಗವಿಲ್ಲ; ಮಗು ಆ ಆಹಾರ ತಿಂದಿದೆ ಎಂದು ತೋರಿಸೀತು, ಅಷ್ಟೆ. ಸಂಶಯ ಉಳಿದಾಗ ಆಸ್ಪತ್ರೆಯಲ್ಲಿ ವೈದ್ಯರ ಎದುರು ಚೂರುಚೂರಾಗಿ ಹೆಚ್ಚಿಸುತ್ತ ತಿನ್ನಿಸಿ, ಕಾದು ನೋಡುವುದೇ ಖಾತ್ರಿಯ ದಾರಿ. ಬಹಳ ದಿನ ಬಿಟ್ಟ ಪದಾರ್ಥವನ್ನು ಮನೆಯಲ್ಲಿ ನಾವೇ ಕೊಟ್ಟು ನೋಡುವುದು ಅಪಾಯ.

ಹಾಗೆ ಒಂದೊಂದಾಗಿ ನೋಡಿದ ಮೇಲೆ ಹಾಲು, ಗೋದಿ, ಶೇಂಗಾ, ಕಡಲೆ ನಾಲ್ಕೂ ಮಗುವಿನ ತಾಟಿಗೆ ಮರಳಿದವು. ಗೋಡಂಬಿಯೂ ಅದರ ಬಳಗದ ಪಿಸ್ತಾವೂ ಇಂದಿಗೂ ದೂರ. ಮದುವೆ ಊಟದಲ್ಲಿ ಕೇಳಿಯೇ ಬಡಿಸಿಕೊಳ್ಳುತ್ತೇವೆ.

ಅಂಗಡಿಯಲ್ಲಿ ಬರೀ ಚೀಟಿ ನೋಡಿ ನಾವು ಜಮಾ ಬರೆಯುವುದಿಲ್ಲ. ಚೀಲ ಬಿಚ್ಚಿ ಮಾಲು ನೋಡುತ್ತೇವೆ. ಕೂಸಿನ ವಿಷಯದಲ್ಲಿ ಅದನ್ನೇ ಮರೆತೆವು. ನಮ್ಮಲ್ಲಿ ತ್ಯಾಗಕ್ಕೆ ದೊಡ್ಡ ಸ್ಥಾನವಿದೆ, ಆದರೆ ಅದು ತಿಳಿದು ಮಾಡುವಂಥದ್ದು. ಮಗುವಿನ ಮೇಲೆ ನಾವು ಹೇರಿದ್ದು ಬರೀ ಹಸಿವು.

ಬಂಧುಗಳೇ, ಪರೀಕ್ಷೆಗೆ ಓಡುವ ಮೊದಲು ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದುಕೊಂಡು ವೈದ್ಯರ ಹತ್ತಿರ ಹೋಗಿರಿ.